ಬೆನ್ನುನೋವಿನ ಎಣ್ಣೆ

ರೀ,

ಅಡುಗೆ ಮುಚ್ಚಿಟ್ಟಿದ್ದೀನಿ, ಬಿಸಿ ಮಾಡ್ಕೊಂಡು ಊಟ ಮಾಡಿ. ಮಾತ್ರೆ ಊಟ ಆದ್ಮೇಲೆ, ಮೊದಲಲ್ಲ. ಕರು ಕಟ್ಟೋದು ಮರೀಬೇಡಿ, ನಿನ್ನೆ ಹಾಲೆಲ್ಲ ಅದೇ ಕುಡಿದು ಮುಗಿಸ್ತು.

ಕಿಟಕಿ ಮೇಲಿರೋ ಎಣ್ಣೆ ಬಾಟಲಿಗಳನ್ನ ಕೊಟ್ಟವರಿಗೇ ವಾಪಸ್ ಕೊಟ್ಟು ಬನ್ನಿ. ನಿಮಗೆ ಬೆನ್ನುನೋವು ಅಂತ ಅತ್ತೆನೂ ನಾನೂ ಊರಿಗೆಲ್ಲ ಹೇಳ್ಕೊಂಡು ಬಂದಿದ್ದಕ್ಕೆ, ಪಾಪ, ಒಬ್ಬೊಬ್ಬರೂ ಒಂದೊಂದು ತಂದುಕೊಟ್ಟಿದ್ರು. ನೀವು ನೋಡಿದ್ರೆ ನಿನ್ನೆ ಡೈರಿ ಮುಂದೆ, ಅಷ್ಟು ಜನರ ಎದುರಿಗೆ, "ಬೆನ್ನು ಗಟ್ಟಿಯಾಗೇ ಇದೆ, ಮನಸ್ಸು ಸರಿ ಇರಲಿಲ್ಲ, ಡಾಕ್ಟರಿಗೆ ತೋರಿಸ್ತಿದ್ದೀನಿ" ಅಂದುಬಿಟ್ರಿ. ಭೂಮಿ ಬಾಯ್ಬಿಟ್ಟು ನನ್ನ ನುಂಗಬಾರದೇ ಅನ್ನಿಸ್ತು. ಆಮೇಲೆ ನಿಮ್ಮ ಹತ್ತಿರ ಮಾತೂ ಆಡಲಿಲ್ಲ.

ಬೆಳಿಗ್ಗೆ ನೀವು ಹೊಲಕ್ಕೆ ಹೋಗಿದ್ದೇ ತಡ, ಟೈಲರ್ ಹೆಂಡತಿ ಹಿತ್ತಲ ಬಾಗಿಲಿಗೆ ಬಂದ್ಲು. "ಅಕ್ಕಾ, ನನಗೂ ಹಾಗೇ ಆಗ್ತಿದೆ. ಅಣ್ಣ ಹೇಳಿದ್ದು ಕೇಳಿ ಧೈರ್ಯ ಬಂತು" ಅಂತ ಅತ್ತುಬಿಟ್ಲು. ಅವಳನ್ನ ಕರ್ಕೊಂಡು ನಿಮ್ಮ ಡಾಕ್ಟರ ಹತ್ತಿರ ಹೊರಟಿದ್ದೀನಿ.

ಅವಳ ಸುದ್ದಿ ಎಲ್ಲೂ ಎತ್ತಬೇಡಿ. ನಾನೆಲ್ಲಿ ಅಂತ ಯಾರಾದ್ರೂ ಕೇಳಿದ್ರೆ, ಮನಸ್ಸಿನ ಡಾಕ್ಟರಿಗೆ ತೋರಿಸಿಕೊಳ್ಳೋಕೆ ಹೋಗಿದ್ದಾಳೆ ಅನ್ನಿ. ನಿಮ್ಮ ಹೆಂಡತಿ ನಾನು, ನನಗ್ಯಾಕೆ ನಾಚಿಕೆ.