ಕತ್ತರಿ ಹಿಡಿದ ಎಡಗೈ

ದೇವನಕೊಂಡದ ಹತ್ತಿರದಿಂದ

ಅಕ್ಕಾ,

ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಈ ಕಾರ್ಡು. ಪೋಸ್ಟ್‌ಮ್ಯಾನ್ ಓದಿದರೆ ಓದಲಿ: ನನಗೆ ಅಪ್ಪನ ಮುಖ ನೆನಪಿಲ್ಲ. ನೀನು ಅವನ ಮೀಸೆ, ನಗು ಎಂದಾಗೆಲ್ಲ ಸುಮ್ಮನೆ ತಲೆಯಾಡಿಸುತ್ತಿದ್ದೆ.

ಚಿತ್ರಕಲೆಯ ಮೇಷ್ಟ್ರೊಬ್ಬರು ಹಿಂದೆ ಈ ಕಡೆ ತೆಗೆದ ಸಿನಿಮಾಗಳನ್ನು ಅವರ ಮಗಳು ಊರೂರಲ್ಲಿ ತೋರಿಸುತ್ತಿದ್ದಾರೆ. ಪ್ರೊಜೆಕ್ಟರ್ ಹೊರುವವನು ನಾನು. ಒಂದರಲ್ಲಿ ರೀಲಿನ ಮೇಲೆ ಸೂಜಿಯಿಂದ ಗೀಚಿದ ಗೆರೆಗಳು ಕುಣಿಯುತ್ತವೆ, ಕಥೆಯೇ ಇಲ್ಲ. ಇನ್ನೊಂದು ಕುರಿಯ ಉಣ್ಣೆ ಕತ್ತರಿಸುವುದು. ಇವತ್ತು ಶಾಲೆಯ ಕಿಟಕಿಗಳಿಗೆ ಕಂಬಳಿ ಕಟ್ಟಿ ಅದನ್ನು ಹಾಕಿದೆವು.

ತೀರಿಹೋದ ಗಂಡ ಅದರಲ್ಲಿದ್ದಾನೆಂದು ಕೇಳಿ ಲಿಂಗಕ್ಕ ಎಂಬ ಅಜ್ಜಿ ಎಲ್ಲರಿಗಿಂತ ಮುಂದೆ ಕೂತಿದ್ದಳು. ಅವಳ ಹತ್ತಿರ ಅವನ ಒಂದು ಫೋಟೋ ಕೂಡ ಇಲ್ಲ. ಮೇಷ್ಟ್ರು ತೆಗೆದದ್ದು ಬರೀ ಕೈ, ಕತ್ತರಿ, ಉಣ್ಣೆ.

"ಮುಖ ಯಾವಾಗ ಬರ್ತೈತೋ ತಮ್ಮಾ?"

ಸುಳ್ಳು ಹೇಳಲಾಗಲಿಲ್ಲ. "ಬರಂಗಿಲ್ಲಜ್ಜಿ. ಕೈ ಅಷ್ಟ ಐತಿ."

ಅವಳು ಹೊರಡಲು ಎದ್ದೇ ಬಿಟ್ಟಳು. ಅಷ್ಟರಲ್ಲಿ ತೆರೆಯ ಮೇಲೆ ಒಂದು ಎಡಗೈ ಕುರಿಯ ಬೆನ್ನು ಸವರಿ ಕತ್ತರಿ ಎತ್ತಿಕೊಂಡಿತು.

"ಅದ ನೋಡ್ರಿ, ನಮ್ಮನಿಯವರ ಎಡಗೈ! ಕುರಿ ಬೆನ್ನು ಹೆಂಗ ಸವರ್ತಾರ ನೋಡ್ರಿ. ನನ್ನ ಬೆನ್ನು ಒಂದಿನಾನೂ ಸವರಲಿಲ್ಲ!"

ಎಲ್ಲರೂ ನಕ್ಕರು. ಅವಳು ಮತ್ತೆ ಕೂತು, "ಇನ್ನೊಮ್ಮೆ ಹಾಕಪ್ಪಾ" ಎಂದಳು. ಅವಳು ಸಾಕೆನ್ನುವವರೆಗೂ ಹಾಕಿದೆ.

ಅಕ್ಕಾ, ಸೈಕಲ್ ಹ್ಯಾಂಡಲ್ ಮೇಲೆ ನನ್ನ ಕೈ ಮುಚ್ಚಿ ಹಿಡಿದಿದ್ದ ಒಂದು ಕೈ ನನಗೆ ನೆನಪಿದೆ. ಹೆಬ್ಬೆರಳಿನ ಉಗುರು ಕಪ್ಪಗಿತ್ತು. ಅದು ಅಪ್ಪನದೇ ತಾನೆ? ಫೋನ್ ಮಾಡಿ ಹೇಳು.

ಕೆಮ್ಮು ಹೋಗಿದೆ, ರೊಟ್ಟಿಗೆ ಕೊರತೆಯಿಲ್ಲ. ಜಾಗ ಮುಗಿಯಿತು.

ನಿನ್ನ ವಾಗೀಶ್

ನಾಳೆ ಬೆಳಿಗ್ಗೆ ಎಮ್ಮಿಗನೂರಿಗೆ ಹೊರಡುತ್ತೇವೆ.