ಸಿಂಕಿನ ಕೆಳಗಿನ ತೂತು

ಪುಣೆ, ಧನಕವಡಿ
ಗುರುವಾರ, 4 ಡಿಸೆಂಬರ್

ಪ್ರೀತಿಯ ಅವ್ವಾ,

ಫೋನ್ ಇದ್ದೂ ಪತ್ರ ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡ. ನೀನು ಫೋನ್ ಸ್ಪೀಕರಿಗೆ ಹಾಕಿ ಕೂಸಿಗೆ ಎಣ್ಣೆ ಹಚ್ಚುತ್ತಿರುತ್ತೀ. ಇಲ್ಲಿ ನಾನು ಬಾಯಿ ತೆರೆದರೆ ಅಜ್ಜಿ ಪಕ್ಕಕ್ಕೇ ಬಂದು ಕೂಡುತ್ತಾಳೆ. ಮಲಕಪ್ಪ ಕಾಕಾ ಇವತ್ತು ಸಂಜೆ ಬಸ್ಸಿಗೆ ವಿಜಯಪುರಕ್ಕೆ ಹೊರಟಿದ್ದಾರೆ, ಅವರ ಕೈಯಲ್ಲಿ ಕೊಡುತ್ತೇನೆ. ಏಳು ವರ್ಷ ಇಂಗ್ಲಿಷ್ ಶಾಲೆಯ ಹಾಸ್ಟೆಲ್ಲಿನಲ್ಲಿ ಇದ್ದವನ ಕನ್ನಡ ಇದು, ಒತ್ತು ದೀರ್ಘ ನೀನೇ ಸರಿಮಾಡಿಕೊಂಡು ಓದು.

ನಿನ್ನ ಸೊಂಟನೋವು ಹೇಗಿದೆ? ಬಾಣಂತಿ ಶಿವಾನಿ ಅಕ್ಕ ಸರಿಯಾಗಿ ಉಣ್ಣುತ್ತಾಳೇನು? ಕೂಸಿನ ಕಾಮಾಲೆ ಇಳಿಯಿತೇ? ಇಲ್ಲಿ ನಾವು ಆರಾಮ ಅಂತ ಬರೆಯಬೇಕು. ಅಪ್ಪಾಗೆ ಈ ವಾರವೂ ಚಾಕಣದ ಫ್ಯಾಕ್ಟರಿಯಲ್ಲಿ ನೈಟ್ ಶಿಫ್ಟ್. ಅವರು ಬರುವ ಹೊತ್ತಿಗೆ ನಾನು ಕಾಲೇಜಿಗೆ ಹೊರಟಿರುತ್ತೇನೆ. ಸೋಮವಾರ ಸಬ್ಮಿಷನ್. ಅರ್ಧವೂ ಆಗಿಲ್ಲ.

ಥಂಡಿ ಬಿತ್ತು, ಇಲಿ ಬಂತು. ಚಳಿ ಶುರುವಾದರೆ ಸಿಂಕಿನ ಕೆಳಗೆ ಪೈಪಿನ ಸುತ್ತ ಇರುವ ತೂತು ನೋಡು ಅಂತ ನೀನು ಹೇಳಿ ಹೋಗಿದ್ದೆ. ಹಿಟ್ಟಿನ ಡಬ್ಬಿಯ ಹಿಂದೆ ಹಿಕ್ಕೆ ಕಂಡ ಮೇಲೆ ಅದು ನೆನಪಾಯಿತು. ಪಾತ್ರೆ ತಿಕ್ಕುವ ತಂತಿ ತುರುಕಿ, ಮೇಲೆ ಬಿಳಿ ಸಿಮೆಂಟು ಬಳಿದೆ. ಬಾಗಿಲ ಸಂದಿಗೆ ರಬ್ಬರ್ ಪಟ್ಟಿ ಹೊಡೆದೆ. ಭಾಳ ಶಾಣ್ಯಾ ಆದೆ ಅಂದುಕೊಂಡೆ. ಮರುದಿನ ಫ್ರಿಜ್ಜಿನ ಹಿಂದೆ ಕರಕರ ಸದ್ದು. ಅಜ್ಜಿ ಬಂದು ನಿಂತು, "ಏ ಇಂಜಿನಿಯರಾ, ಅದು ಒಳಗಿದ್ದಾಗನ ದಾರಿ ಬಂದ್ ಮಾಡಿದ್ಯಲ್ಲೋ! ಇನ್ನ ಅದೇನು ಲಿಫ್ಟಿನ್ಯಾಗ ಇಳದು ಹೋಗ್ತದೇನು?" ಅಂದಳು.

ಹಾಗೆ ಬೈಯಲು ಅವಳಲ್ಲಿ ದಮ್ಮು ಉಳಿದದ್ದೇ ಹೆಚ್ಚು. ಬರುವ ಭಾನುವಾರ ನೀತಾ ಕಾಕು ಅವರ ಹೊಸ ಮನೆಯ ವಾಸ್ತುಶಾಂತಿಗೆ ನೀನು ಆರ್ಡರ್ ಒಪ್ಪಿಕೊಂಡು ಹೋದ ಇನ್ನೂರು ಕಡಕ್ ರೊಟ್ಟಿಯನ್ನು ನಾಲ್ಕು ದಿನ ಕೂತು ಅವಳೇ ಬಡಿದಳು. ಬಲಗೈ ಈಗ ತಲೆ ಬಾಚಿಕೊಳ್ಳಲೂ ಮೇಲೆ ಏಳುವುದಿಲ್ಲ. ನಾನೇ ಹೆಣಲು ಹಾಕಿಕೊಡುತ್ತಿದ್ದೇನೆ, ನಗಬೇಡ. ಡಬ್ಬಿಗೆ ಹಾಕೋಣ ಅಂದರೆ ಮೆತ್ತಗಾಗುತ್ತವೆ ಅಂತ ಬಿಡಲಿಲ್ಲ. ಬಿದಿರು ಬುಟ್ಟಿಯಲ್ಲಿ ಧೋತರ ಸುತ್ತಿ ಇಡಿಸಿದಳು. "ನನ್ನ ರೊಟ್ಟಿ ತಿಂದು ನೀತಾನ ಬೀಗರು ಮರಾಠಿ ಮರೀಬೇಕು" ಅನ್ನುತ್ತ ದಿನಕ್ಕೆ ಎರಡು ಸಲ ಬುಟ್ಟಿ ಜೋಪಾನ ಇದೆಯೇ ಅಂತ ಕೇಳುತ್ತಾಳೆ. ನಾನು ಹೂಂ ಅನ್ನುತ್ತೇನೆ.

ನಿನ್ನೆ ಬೋನಿನಲ್ಲಿ ಒಣಕೊಬ್ಬರಿ ಇಟ್ಟು ಇಲಿ ಹಿಡಿದೆ, ದೂರದ ಖಾಲಿ ಪ್ಲಾಟಿನಲ್ಲಿ ಬಿಟ್ಟು ಬಂದೆ. ಒಂದೇ ಇತ್ತು ಅನಿಸುತ್ತದೆ. ಸದ್ದು ನಿಂತಿದೆ, ನನಗೆ ನಿದ್ದೆ ಮಾತ್ರ ಬರುತ್ತಿಲ್ಲ.

ಅಕ್ಕನಿಗೆ ನೆನೆಸಿದೆ ಅಂತ ಹೇಳು. ಕೂಸಿನ ಅಂಗಾಲಿಗೆ ನನ್ನದೊಂದು ಮುತ್ತು.

ನಿನ್ನ
ಮಾಂತು

ತಾ.ಕ.: ಕಾಕಾ ಬಸ್‌ಸ್ಟ್ಯಾಂಡಿಗೆ ಹೋಗುವ ಆಟೋ ಕೆಳಗೆ ನಿಲ್ಲಿಸಿ ಹಾರ್ನ್ ಹೊಡೆಸುತ್ತಿದ್ದಾರೆ. ಅವ್ವಾ, ಬೋನಿಗೆ ಬೀಳುವ ಮೊದಲೇ ಇಲಿ ಬುಟ್ಟಿಗೆ ಹೋಗಿತ್ತು. ಧೋತರ ಕಡಿದಿದೆ, ತಳದವರೆಗೂ ಹಿಕ್ಕೆ. ಬುಟ್ಟಿಯನ್ನು ನನ್ನ ಕಪಾಟಿನ ಮೇಲೆ ಅಡಗಿಸಿದ್ದೇನೆ. ಒಂದು ರೊಟ್ಟಿಯನ್ನೂ ನಾನು ಕೊಡುವುದಿಲ್ಲ. ಆದರೆ ಅಜ್ಜಿಗೆ ಗೊತ್ತಾದರೆ ಅದೇ ಕೈಯಿಂದ ಮತ್ತೆ ಬಡಿಯಲು ಕೂಡುತ್ತಾಳೆ. ನೀತಾ ಕಾಕುಗೆ ನಿಜ ಹೇಳಿ ಬೇರೆ ಕಡೆ ತರಿಸಿಕೊಳ್ಳಲು ಹೇಳು. ಅಜ್ಜಿಗೆ ಮಾತ್ರ, ಆರ್ಡರ್ ನೀನೇ ಬೇಡ ಅಂದೆ ಅಂತ ಹೇಳು. ಬೈಗುಳ ನಿನಗೆ ಬೀಳಲಿ, ನೀನು ದೂರ ಇದ್ದೀ. ರೊಟ್ಟಿ ಎಲ್ಲಿ ಅಂದರೆ ಕಾಲೇಜಿನಲ್ಲಿ ಹಂಚಿಬಿಟ್ಟೆ ಅಂತ ನಾನು ಹೇಳುತ್ತೇನೆ. ಶನಿವಾರ ಸಂಜೆ ಕಾಕುನ ಮನೆಯವರು ರೊಟ್ಟಿ ಒಯ್ಯಲು ಬರುತ್ತಾರೆ, ಅದಕ್ಕೆ ಮೊದಲೇ ಹೇಳಬೇಕು. ಇದು ಕೈಗೆ ಸಿಕ್ಕ ಕೂಡಲೇ ಲಗೂನ ಒಂದು ಮೆಸೇಜ್ ಹಾಕು.