ಮಾತು ಕೇಳದ ಎಡಗೈ

ಮಾರ್ಚ್ ೧೪, ಗುರುವಾರ.

ಚರಂಡಿಗೆ ಮುಚ್ಚಳ ಇಂದೂ ಬರಲಿಲ್ಲ. ಅದರಲ್ಲಿ ಬಿದ್ದು ನನ್ನವಳ ತಲೆಗೆ ಪೆಟ್ಟಾದ ಮೇಲೂ ಪಾಲಿಕೆಯವರದು ಅದೇ ‘ನೋಡೋಣ’. ಇವರ ಅಪ್ಪಂದಿರ ಕಾಲದಿಂದಲೂ ಕೇಳುತ್ತಿದ್ದೇನೆ.

ಮಿದುಳಿಗಾದ ಗಾಯದಿಂದ ಅವಳ ಎಡಗೈ ತಾನಾಗಿ ಆಡುತ್ತದೆ, ಅದರಲ್ಲಿ ಅವಳ ಇಚ್ಛೆ ಏನೂ ಇಲ್ಲ ಎಂದಿದ್ದಾರೆ ಡಾಕ್ಟರು. ಬಲಗೈ ಹಾಕಿದ ಗುಂಡಿಯನ್ನು ಎಡಗೈ ಬಿಚ್ಚುತ್ತದೆ. ಅವಳಿಗೆ ನಗು: “ನಾನು ನಿಮ್ಮ ಮಾತು ಕೇಳಿದ್ನಾ? ಇದೂ ಹಾಗೇ, ನನ್ನ ಮಾತು ಕೇಳಲ್ಲ.”

ಇಂದು ಊಟಕ್ಕೆ ಕೂತಾಗ ಆ ಕೈ ನನ್ನ ಅಂಗಿಯ ಅಂಚು ಹಿಡಿದು, ಹಿಂದೆ ಅವಳು ಹೊಲಿಗೆ ಯಂತ್ರದ ಸೂಜಿಯ ಕೆಳಗೆ ಬಟ್ಟೆ ಸರಿಸುತ್ತಿದ್ದಂತೆಯೇ ಮೆಲ್ಲಗೆ ಎಳೆಯಿತು.

“ಬಿಡಿಸ್ಕೊಳ್ರೀ, ನಾನಲ್ಲ ಅದು.”

ಹಾಗಾದರೆ ನೀನು ಯಾವಾಗ ಹಿಡಿಯುತ್ತೀಯೆ ಎಂದು ಕೇಳಬೇಕೆನಿಸಿತು. ಅಷ್ಟರಲ್ಲಿ ಅವಳೇ ಬಲಗೈಯಿಂದ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಅಂಗಿ ಅಲ್ಲಿ ಸುಕ್ಕಾಗಿದೆ. ಮಲಗುವ ಹೊತ್ತಾದರೂ ಬದಲಾಯಿಸಲು ಮನಸ್ಸು ಬಾರದೆ ಅದನ್ನೇ ತೊಟ್ಟು ಕೂತಿದ್ದೇನೆ.